ಕುಂದಾಪುರ ಒಂದು ಬಿಟ್ಟು

ಡಾಕ್ಟರು ಹೇಳಿದ್ದು ಇಷ್ಟೇ. "ಡಿಸೆಂಬರು, ಜನವರಿ ಇವರನ್ನ ಬೆಂಗಳೂರಲ್ಲಿ ಇಟ್ಕೋಬೇಡಿ. ಸಮುದ್ರದ ಕಡೆ ಎಲ್ಲಾದ್ರೂ ಕರ್ಕೊಂಡು ಹೋಗಿ." ವಿಜಯನಗರದ ಆ ಕ್ಲಿನಿಕ್ಕಿನಲ್ಲಿ ಅಜ್ಜಿ ಸ್ಟೂಲಿನ ಮೇಲೆ ಕೂತು, ಎರಡೂ ಕೈಗಳನ್ನು ಮಂಡಿಗೆ ಊರಿ, ಒಂದೊಂದು ಉಸಿರನ್ನೂ ಆಳದ ಬಾವಿಯಿಂದ ಸೇದುವ ಹಾಗೆ ಎಳೆಯುತ್ತಿದ್ದಳು. ಹಿಂದಿನ ಚಳಿಗಾಲ ಅವಳನ್ನು ಆಸ್ಪತ್ರೆಗೆ ಸೇರಿಸಿ ಉಳಿಸಿಕೊಂಡಿದ್ದೆವು. ಇನ್ನೊಂದು ಅಂಥ ಚಳಿಗಾಲವನ್ನು ಅವಳ ಎದೆ ತಡೆಯುವುದಿಲ್ಲ ಎಂದು ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದು ಹೇಳಿದರು. ಪಕ್ಕ ಎಂದರೆ ಒಂದು ಹಸಿರು ಪರದೆಯ ಆಚೆ. ಅಜ್ಜಿಗೂ ಕೇಳಿಸಿತು.

ಎಂಬತ್ತರ ದಶಕದಲ್ಲಿ ಗೋವಿಂದರಾಜನಗರದ ಚಳಿ ನಿಜವಾದ ಚಳಿ. ಶ್ರೀಗಂಧದ ಕಾವಲಿನ ಕಡೆಯ ಬಯಲಿನಿಂದ ಮಂಜು ಎದ್ದು ಬಂದು ಮಾಗಡಿ ರಸ್ತೆಯ ಬಸ್ಸುಗಳನ್ನು ನುಂಗುತ್ತಿತ್ತು. ಹಾಲಿನವನ ಗಂಟೆ ಮೊದಲು ಕೇಳಿಸುತ್ತಿತ್ತು, ಸೈಕಲ್ಲು ಆಮೇಲೆ ಕಾಣುತ್ತಿತ್ತು. ನಮ್ಮದು ಬಾಡಿಗೆ ಮನೆ, ಶೀಟಿನ ಛಾವಣಿ. ಒಳಗೂ ಹೊರಗೂ ಅಂಥ ವ್ಯತ್ಯಾಸವೇನಿರಲಿಲ್ಲ.

ಊರು ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನಾಗ ಬಿ.ಎ. ಎರಡನೇ ವರ್ಷದಲ್ಲಿದ್ದೆ. ರಾಜಾಜಿನಗರದ ಕಾಲೇಜಿನಿಂದ ಚರ್ಚಾಸ್ಪರ್ಧೆಗಳಿಗೆ ಹೋಗಿ ಶೀಲ್ಡು ತರುವುದು ನನ್ನ ಚಟವಾಗಿತ್ತು. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ಚೀಟಿಯಲ್ಲಿ ಏನು ಬರುತ್ತದೋ ಅದನ್ನು ನಂಬಿದವಳ ಹಾಗೆ ಮಾತಾಡುತ್ತಿದ್ದೆ. ನಿಜವಾಗಿ ನಂಬಿದ್ದು ಬಹಳ ಕಡಿಮೆ. ದೇವರಂತೂ ಇಲ್ಲ, ದೆವ್ವ ಕೇಳಲೇಬೇಡಿ. "ಇವಳ ಹತ್ರ ವಾದ ಮಾಡಿ ಗೆಲ್ಲೋ ಗಂಡನ್ನ ಎಲ್ಲಿಂದ ಹುಡುಕ್ತೀರೋ ನೋಡಿ" ಎಂದು ಅಮ್ಮ ಅಪ್ಪನಿಗೆ ಹೇಳುತ್ತಿದ್ದಳು. ಅಪ್ಪನಿಗೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ಹೇಳಿದ್ದನ್ನು ಮಾಡಿ ಮಾಡಿ, ಮನೆಯಲ್ಲಿ ಯಾವುದನ್ನೂ ತಾನಾಗಿ ನಿರ್ಧರಿಸುವುದೆಂದರೆ ಆಗದು. "ನೀನೇ ನೋಡಿ ಹೇಳಮ್ಮ, ನಮ್ಮ ಕೈಗೆಟುಕೋ ಊರು" ಎಂದು ಕೈತೊಳೆದುಕೊಂಡ.

ಶಾಲೆಯ ಹಳೆಯ ಅಟ್ಲಾಸನ್ನು ಚಾಪೆಯ ಮೇಲೆ ಹರಡಿಕೊಂಡು ಕೂತೆ. ಒಂದೇ ಬಸ್ಸಿನಲ್ಲಿ ಹೋಗಿ ಇಳಿಯುವಂತಿರಬೇಕು. ಕೋಣೆಯಲ್ಲಿ ನಮ್ಮ ಸೀಮೆಎಣ್ಣೆ ಸ್ಟೌ ಹಚ್ಚಲು ಬಿಡಬೇಕು. ಸರ್ಕಾರಿ ಆಸ್ಪತ್ರೆ ಹತ್ತಿರ ಇರಬೇಕು. ಬಾಡಿಗೆ ಅಪ್ಪನ ಸಂಬಳ ತಡೆಯುವಷ್ಟೇ ಇರಬೇಕು. ಲಾಡ್ಜು, ಹೋಟೆಲು ಎಂಬ ಮಾತೇ ಇಲ್ಲ.

ಅಜ್ಜಿ ಗೋಡೆಗೊರಗಿ ಕೂತು ಒಂದೊಂದೇ ಊರನ್ನು ಹೊಡೆದುಹಾಕತೊಡಗಿದಳು.

"ಗೋಕರ್ಣ?"

"ಅಲ್ಲಿಗೆ ಸತ್ತೋರ ಕಾರ್ಯ ಮಾಡಕ್ಕೆ ಹೋಗ್ತಾರೆ ಕಣವ್ವ. ನಾನೇ ಮುಂಚೆ ಹೋಗಿ ಕೂತ್ಕೊಂಡ್ರೆ ಚೆಂದಾಗಿರಲ್ಲ."

"ಕನ್ಯಾಕುಮಾರಿ?"

"ಉಸಿರು ಕಟ್ತು ಅಂತ ಯಾವ ಭಾಷೇಲಿ ಕೂಗ್ಕೊಳ್ಳಲಿ?"

"ಮಲ್ಪೆ?"

"ಮೀನು ಒಣಗ್ಸೋ ವಾಸನೆ. ಇರೋ ಉಸಿರೂ ಹೋಯ್ತದೆ."

ಇವೆಲ್ಲ ನ್ಯಾಯವಾದ ವಾದಗಳೇ, ಪ್ರತಿವಾದವೂ ಇತ್ತು. ಹಠ ಮಾಡಿದರೆ ಮಲ್ಪೆಗೆ ಒಪ್ಪಿಕೊಳ್ಳುತ್ತಿದ್ದಳು. ಆದರೆ ನನ್ನ ಲೆಕ್ಕದಲ್ಲಿ ಎಲ್ಲ ರೀತಿಯಿಂದಲೂ ಗೆದ್ದದ್ದು ಕುಂದಾಪುರ. ಸಂಜೆ ಬಸ್ಸು ಹತ್ತಿದರೆ ಬೆಳಗಾಗುವಾಗ ಊರು, ಆಸ್ಪತ್ರೆಯಿದೆ, ಕನ್ನಡ ಮಾತಾಡುತ್ತಾರೆ, ಯಾತ್ರೆಯ ಜನರ ನೂಕಾಟವಿಲ್ಲದ್ದರಿಂದ ಬಾಡಿಗೆಯೂ ಸುಲಭ.

"ಕುಂದಾಪುರ ಒಂದು ಬಿಟ್ಟು ಎಲ್ಲಾದ್ರೂ ಸೈ" ಎಂದಳು ಅಜ್ಜಿ.

"ಯಾಕಜ್ಜಿ?"

"ಬ್ಯಾಡ."

"ಬ್ಯಾಡ ಅನ್ನೋದು ಕಾರಣ ಅಲ್ಲ."

"ನಂಗೆ ಅದೇ ಕಾರಣ."

ಕಾರಣ ಕೊಡದ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅಜ್ಜಿ ಹಾಗೆ ಕಾರಣ ಕೊಡದೆ ಬಾಯಿ ಮುಚ್ಚಿಕೊಳ್ಳುತ್ತಿದ್ದ ಇನ್ನೊಂದು ವಿಷಯವಿತ್ತು, ಅದು ಪಿತೃಪಕ್ಷದ ಎಡೆ.

ನಮ್ಮ ಕಡೆ ಮಹಾಲಯ ಅಮಾವಾಸ್ಯೆಯ ಸಂಜೆ ಸತ್ತ ಹಿರಿಯರಿಗೆ ಊಟ ಇಡುತ್ತಾರೆ. ಅದಕ್ಕೆ ಎಡೆ ಎನ್ನುತ್ತಾರೆ. ನಡುಮನೆಯಲ್ಲಿ ಬಾಳೆಲೆ ಹಾಕಿ, ಅವರವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಎಲ್ಲರೂ ಹೊರಗೆ ಬಂದು ಕೂರಬೇಕು. ಹಿರಿಯರು ಬಂದು ಉಣ್ಣುವಾಗ ಬದುಕಿರುವವರು ನೋಡಬಾರದು. ಚಿಕ್ಕವಳಿದ್ದಾಗ ಒಮ್ಮೆ ನಾನು ಯಾರಿಗೂ ತಿಳಿಯದ ಹಾಗೆ ಹೊಸಿಲಿನ ಒಳಗೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿ ಬಂದಿದ್ದೆ, ಹೆಜ್ಜೆ ಮೂಡುತ್ತದೋ ನೋಡೋಣ ಎಂದು. ಬಂದದ್ದು ಇರುವೆಗಳು ಮಾತ್ರ. ಅಲ್ಲಿಂದಾಚೆ ಆ ಹಬ್ಬದ ಬಗ್ಗೆ ನನಗೆ ಯಾವ ಅನುಮಾನವೂ ಉಳಿದಿರಲಿಲ್ಲ.

ಅನುಮಾನ ಇದ್ದದ್ದು ಒಂದು ಎಲೆಯ ಬಗ್ಗೆ. ಮುತ್ತಜ್ಜ ಮುತ್ತಜ್ಜಿಗೆ ಒಂದೊಂದು. ತಾತ ತೀರಿಕೊಂಡ ಮೇಲೆ ಅವನಿಗೆ ಒಂದು, ಪಕ್ಕದಲ್ಲಿ ಬೀಡಿ ಕಟ್ಟಿನ ಜೊತೆ. ಇವಲ್ಲದೆ ಬಾಗಿಲಿನ ಹತ್ತಿರ ಇನ್ನೊಂದು ಚಿಕ್ಕ ಎಲೆ. ಅದರ ಮೇಲೆ ಅನ್ನ, ಹುರಿದ ಒಣಮೀನು. ಪಕ್ಕದಲ್ಲಿ ರವಿಕೆ ಕಣ, ಅರಿಶಿನ ಕುಂಕುಮ, ಹಸಿರು ಬಳೆ. ನಮ್ಮ ಮನೆಯಲ್ಲಿ ಒಣಮೀನು ತಿನ್ನುವವರು ಯಾರೂ ಇಲ್ಲ. ಆ ಒಂದು ದಿನಕ್ಕೆಂದು ಅಜ್ಜಿ ತಾನೇ ಹೋಗಿ ತರುತ್ತಿದ್ದಳು.

"ಇದು ಯಾರಿಗೆ?"

"ದಿಕ್ಕಿಲ್ಲದೋರಿಗೆ."

"ದಿಕ್ಕಿಲ್ಲದೋರು ಅಂದ್ರೆ ಗಂಡಸರೂ ಇರ್ತಾರಲ್ಲ. ಅವರಿಗೆ ಬಳೆ ಯಾಕೆ?"

"ಎದ್ದೋಗು ಆಚೆ."

ಬಳೆ, ಕುಂಕುಮ ಇಟ್ಟಿದ್ದಾಳೆಂದರೆ ಗಂಡ ಬದುಕಿರುವಾಗಲೇ ಸತ್ತ ಹೆಂಗಸು. ಅಷ್ಟನ್ನು ನಾನು ತರ್ಕದಿಂದ ಕಂಡುಕೊಂಡಿದ್ದೆ. ಯಾರೆಂದು ಗೊತ್ತಿರಲಿಲ್ಲ. ತಾತ ಬದುಕಿದ್ದಾಗಲೂ ಆ ಎಲೆ ಇತ್ತು. ಬಾಗಿಲು ಎಳೆದ ಮೇಲೆ ಅವನು ಜಗಲಿಯಲ್ಲಿ ನಮ್ಮ ಜೊತೆಗೇ ಕೂತು, ಬೀಡಿ ಸೇದುತ್ತಾ ರಸ್ತೆ ನೋಡುತ್ತಿದ್ದ. ಆ ಸಂಜೆ ಮಾತ್ರ ಅವನು ಯಾರೊಡನೆಯೂ ಮಾತಾಡುತ್ತಿರಲಿಲ್ಲ. ತನ್ನ ಅಪ್ಪ ಅಮ್ಮನ ನೆನಪು ಇರಬೇಕು ಎಂದುಕೊಂಡಿದ್ದೆ.

ಕುಂದಾಪುರದ ಪರವಾಗಿ ಸಾಕ್ಷಿ ಬೇಕಾಗಿತ್ತು. ವಿಜಯನಗರ ಬಸ್ ಸ್ಟ್ಯಾಂಡಿನ ಹತ್ತಿರ ಹೋಟೆಲು ಇಟ್ಟಿದ್ದವರೊಬ್ಬರು ಅದೇ ಊರಿನವರು. ತಾತ ಹಂಚಿನ ಲಾರಿ ಓಡಿಸುತ್ತಿದ್ದ. ಘಟ್ಟ ಇಳಿದು ಕುಂದಾಪುರದಿಂದ ಹಂಚು ತುಂಬಿಕೊಂಡು ಬೆಂಗಳೂರಿಗೆ ಬರುತ್ತಿದ್ದ. ಹಾಗೊಮ್ಮೆ ಹಂಚಿನ ಮೇಲೆ ಕೂರಿಸಿಕೊಂಡು ಕರೆತಂದ ಹುಡುಗನೇ ಲೋಟ ತೊಳೆದು, ಸಪ್ಲೈ ಮಾಡಿ, ಕೊನೆಗೆ ಆ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ. ಬಂದ ಹೊಸತರಲ್ಲಿ ಅವರು ನಮ್ಮ ಮನೆಯಲ್ಲೇ ಉಳಿದಿದ್ದರಂತೆ. ಅಜ್ಜಿಗೆ ಅವರೆಂದರೆ ಅಕ್ಕರೆ. ಒಂದು ಭಾನುವಾರ ಮಧ್ಯಾಹ್ನ ಮನೆಗೆ ಬನ್ನಿ ಎಂದು ನಾನೇ ಕರೆದೆ. ಗೋಳಿಬಜೆಯ ಪೊಟ್ಟಣದೊಂದಿಗೆ ಬಂದು, ಕಬ್ಬಿಣದ ಕುರ್ಚಿಯಲ್ಲಿ ಕೂತು, ಅಟ್ಲಾಸನ್ನು ನೋಡಿ ನಕ್ಕರು.

"ಇದೆಂತಕ್ಕೆ ಮಾರಾಯ್ತಿ ಮ್ಯಾಪು? ಕುಂದಾಪುರ ಇರುವಾಗ ಬೇರೆ ಊರು ಎಂತಕ್ಕೆ? ಅಮ್ಮ, ನೀವು ಬರ್ತೀರಿ ಅಂದ್ರೆ ಅವರು ಬಾಡಿಗೆಯೂ ಮುಟ್ಟಲಿಕ್ಕಿಲ್ಲ."

"ಯಾರು?" ಎಂದೆ ನಾನು.

"ಸಮುದ್ರದ ಕಡೆ, ಕೋಡಿ ದಾರಿಯ ಅಮ್ಮ. ನಿಮ್ಮ ತಾತ, ಯಜಮಾನ್ರು, ಉಳೀತಿದ್ದ ಮನೆ ಅಲ್ವಾ. ಈಗ ಮುಂದಿನ ಕೋಣೆ ಬಾಡಿಗೆಗೆ ಕೊಡ್ತಾರೆ. ಬ್ಯಾಂಕಿನ ಹುಡುಗ ಇದ್ದ, ಟ್ರಾನ್ಸ್‌ಫರ್ ಆಯ್ತು. ಖಾಲಿ ಉಂಟು."

ಅಪ್ಪ ಬಾಯಿಗೆ ಎತ್ತಿದ್ದ ಕಾಫಿ ಲೋಟವನ್ನು ಕೆಳಗಿಟ್ಟ. ಅಜ್ಜಿ ಗೋಡೆ ಬಿಟ್ಟು ನೇರವಾಗಿ ಕೂತಳು.

"ಅವಳು ಸತ್ತು ಎಷ್ಟೋ ವರ್ಷ ಆಯ್ತಲ್ಲಪ್ಪ."

ಹೋಟೆಲಿನವರು ನಗುತ್ತಲೇ, "ಇಲ್ಲಮ್ಮ. ಮೊನ್ನೆ ಊರಿಗೆ ಹೋದಾಗ ನಾನೇ ಮಾತಾಡ್ಸಿ ಬಂದೆ, ಗಟ್ಟಿ ಇದ್ದಾರೆ" ಎಂದರು. ಆಮೇಲೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ನಗು ನಿಂತಿತು. "ನಿಮಗೆ ಗೊತ್ತುಂಟು ಅಂತ ನಾನು..." ಎಂದು ಎದ್ದರು. ಯಾರೂ ಕೂರಿ ಎನ್ನಲಿಲ್ಲ. ಗೋಳಿಬಜೆ ಪೊಟ್ಟಣದಲ್ಲೇ ಎಣ್ಣೆ ಬಿಟ್ಟುಕೊಂಡು ತಣ್ಣಗಾಯಿತು.

ಅಪ್ಪ ಅಡುಗೆಮನೆಯಲ್ಲಿ ನನಗೆ ಹೇಳಿದ್ದು ಚಿಕ್ಕ ಕಥೆ. ತಾತನಿಗೆ ಕುಂದಾಪುರದಲ್ಲಿ ಇನ್ನೊಬ್ಬಳು ಹೆಂಡತಿ ಇದ್ದಳು. ಅದಕ್ಕಾಗಿ ಮನೆಯಲ್ಲಿ ಪ್ರತಿದಿನ ರಂಪ. ಒಂದು ಸಲ ಟ್ರಿಪ್ಪು ಮುಗಿಸಿ ಬಂದ ತಾತ, ಜ್ವರ ಬಂದು ಅವಳು ತೀರಿಕೊಂಡಳು ಎಂದ. ಜಗಳ ಅಲ್ಲಿಗೆ ನಿಂತಿತು. "ನಂಗೂ ಸತ್ತಿದಾಳೆ ಅಂತಲೇ ಗೊತ್ತಿದ್ದಿದ್ದು" ಎಂದ ಅಪ್ಪ. ಅಮ್ಮ ಸಾರಿಗೆ ಒಗ್ಗರಣೆ ಹಾಕುತ್ತಾ, "ಜಗಳ ತಪ್ಪಿಸ್ಕೊಳ್ಳೋಕೆ ಬದುಕಿರೋ ಹೆಂಗಸನ್ನ ಸಾಯ್ಸಿಬಿಟ್ರಲ್ಲ, ಭಲೇ" ಎಂದಳು.

ಬಾಗಿಲಿನ ಹತ್ತಿರದ ಚಿಕ್ಕ ಎಲೆ ಯಾರದೆಂದು ನನಗೆ ಆಗ ಹೊಳೆಯಿತು. ಅಂದರೆ ತಾತ, ವರ್ಷ ವರ್ಷವೂ, ಬದುಕಿರುವ ಹೆಂಗಸಿಗೆ ತನ್ನ ಮನೆಯಲ್ಲೇ ಸತ್ತವರ ಸಾಲಿನಲ್ಲಿ ಎಲೆ ಹಾಕುವುದನ್ನು ನೋಡಿದ್ದ. ಬಾಗಿಲು ಎಳೆಯುವಾಗ ಜೊತೆಗೆ ಹೊರಗೆ ಬಂದು ಕೂತಿದ್ದ. ಅದರ ನಡುವೆ ಕುಂದಾಪುರಕ್ಕೆ ಹೋಗಿ ಅವಳ ಮನೆಯಲ್ಲಿ ಉಂಡೂ ಬಂದಿದ್ದ. ದೆವ್ವಗಳನ್ನು ನಾನು ನಂಬುವುದಿಲ್ಲ. ಆದರೆ ಜಗಲಿಯಲ್ಲಿ ಬೀಡಿ ಸೇದುತ್ತಾ ರಸ್ತೆ ನೋಡುತ್ತಿದ್ದ ಆ ಮನುಷ್ಯ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಈಗಲೂ ಯಾರಾದರೂ ಜಗಲಿಯಲ್ಲಿ ಸುಮ್ಮನೆ ಕೂತಿರುವುದು ಕಂಡರೆ ಇವರಿಗೆ ಏನೋ ಗೊತ್ತಿದೆ ಎನಿಸುತ್ತದೆ.

ಅಜ್ಜಿ ಅಂದು ಊಟ ಬಿಟ್ಟಳು. ಮರುದಿನವೂ ಅಷ್ಟೇ. ಎದೆಯಲ್ಲಿ ಸಿಳ್ಳೆಯ ಸದ್ದು ಹಗಲಿಗೇ ಶುರುವಾಯಿತು. ಡಿಸೆಂಬರ್ ಇನ್ನೂ ಬಂದಿರಲಿಲ್ಲ. ಮಾತ್ರೆ ಕೊಟ್ಟರೆ ನುಂಗುತ್ತಿದ್ದಳು, ತುತ್ತು ಕೊಟ್ಟರೆ ತಲೆ ಆಡಿಸುತ್ತಿದ್ದಳು. ಮೂರನೇ ದಿನ ಹಿತ್ತಲ ಬಿಸಿಲಿನಲ್ಲಿ ಕೂತವಳು ನನ್ನನ್ನು ಕರೆದಳು.

"ಅವಳು ಸತ್ಲು ಅಂತ ನಿಮ್ಮ ತಾತ ಹೇಳಿದ ದಿನ ನಾನೇನು ಮಾಡ್ದೆ ಗೊತ್ತೇನವ್ವ? ಪಾಯಸ ಮಾಡ್ದೆ. ಶ್ಯಾವಿಗೆ ಪಾಯಸ. ಅವ್ರ ಮುಂದೇನೇ ಎರಡು ಸಲ ಬಡಿಸ್ಕೊಂಡು ತಿಂದೆ. ಆಮೇಲೆ ಹೆದರ್ಕೆ ಆಯ್ತು. ಅದಕ್ಕೇ ಎಲೆ ಹಾಕ್ದೆ."

"ಸರಿ. ಈಗ ಅವರು ಸತ್ತಿಲ್ಲ ಅಂತ ಗೊತ್ತಾಯ್ತು. ಒಳ್ಳೇದೇ ಆಯ್ತಲ್ಲ?"

"ಬದುಕಿರೋರಿಗೆ ಎಡೆ ಇಟ್ಟಿದೀನಿ. ಒಂದು ವರ್ಷ ಅಲ್ಲ, ಎರಡು ವರ್ಷ ಅಲ್ಲ. ಅವಳ ಆಯಸ್ಸು ನಾನು ಉಂಡಿದೀನಿ. ಅದೇ ಈಗ ನನ್ನ ಎದೆ ಮೇಲೆ ಕೂತದೆ."

"ಏನೂ ಆಗಲ್ಲ ಅಜ್ಜಿ. ಎಲೆ ಹಾಕಿದ್ರೆ ಯಾರಿಗೂ ಏನೂ ಆಗಲ್ಲ. ಅನ್ನ ಅಲ್ಲೇ ಇರ್ತದೆ, ಆಮೇಲೆ ನಾವೇ ತಿಂತೀವಿ."

ಅಜ್ಜಿ ಉಸಿರು ಸಿಗುವವರೆಗೆ ಕಾದಳು.

"ಯಾರಿಗೂ?"

"ಯಾರಿಗೂ."

"ಹಂಗಾದ್ರೆ ನಿಮ್ಮ ತಾತಂಗೂ ಏನೂ ಸೇರಲ್ಲ."

ನಾನು ಬಾಯಿ ತೆರೆದೆ. ವೇದಿಕೆಯ ಮೇಲಾಗಿದ್ದರೆ ಹೌದು ಎಂದು ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ. ಆ ಹೌದು ಒಂದೇ ಸಾಕಿತ್ತು, ಅಜ್ಜಿಯ ಎದೆಯ ಮೇಲೆ ಕೂತದ್ದು ಇಳಿದು ಹೋಗುತ್ತಿತ್ತು. ಆದರೆ ಅದರ ಜೊತೆಗೆ ತಾತನ ಎಲೆಯೂ ಹೋಗುತ್ತಿತ್ತು, ಮುಂದೆ ಅವಳಿಗೆ ನಾವು ಹಾಕಬೇಕಾದ ಎಲೆಯೂ. ಹಸಿದ ಗಂಡನೋ, ತಾನು ಕೊಂದ ಸವತಿಯೋ, ಎರಡರಲ್ಲಿ ಒಂದನ್ನು ಇಟ್ಟುಕೋ ಎಂದು ಅವಳಿಗೆ ಹೇಗೆ ಹೇಳುವುದು? ಅವಳು ಓದಿದವಳಲ್ಲ. ನನ್ನನ್ನು ನನ್ನದೇ ದಾರಿಯಲ್ಲಿ ತಂದು ಮೂಲೆಗೆ ನಿಲ್ಲಿಸಿದ್ದಳು.

ಪಕ್ಷ ಬದಲಿಸಿದೆ. ಅದು ನನಗೆ ಕಷ್ಟದ ಕೆಲಸವೇನಲ್ಲ. "ಎಡೆ ಸೇರ್ತದೆ ಅಂತಲೇ ಇಟ್ಕೋ. ಆದ್ರೆ ಬಾಗಿಲು ಎಳೆದಾಗ ಒಳಗೆ ಬರೋರು ಸತ್ತೋರು ಮಾತ್ರ ತಾನೇ? ಅವರು ಬದುಕಿದ್ರು, ಹಾಗಾಗಿ ಬಂದಿಲ್ಲ. ಆ ಎಲೆ ಖಾಲಿ ಇದ್ದಿದ್ರಿಂದ ನಿಜವಾಗ್ಲೂ ದಿಕ್ಕಿಲ್ಲದೋರು ಯಾರೋ ಬಂದು ಉಂಡಿರ್ತಾರೆ. ನೀನು ಹೇಳ್ತಿದ್ದಿದ್ದೇ ಸರಿ."

ನಾನು ಆಡಿದ ಅತ್ಯುತ್ತಮ ವಾದಗಳಲ್ಲಿ ಅದೊಂದು ಎಂದು ಈಗಲೂ ಅನಿಸುತ್ತದೆ. ಅಜ್ಜಿ ಅದನ್ನು ತೂಗಿ ನೋಡಿದಳು.

"ನಾನು ದಿಕ್ಕಿಲ್ಲದೋರು ಅಂತ ನಿಂಗೆ ಹೇಳ್ತಿದ್ದೆ. ಎಲೆ ಮುಂದೆ ಕೂತು ಮನಸ್ನಲ್ಲಿ ಅವಳ ಹೆಸರೇ ಹೇಳಿ ಕರೀತಿದ್ದೆ. ಹೆಸರಿಟ್ಟು ಕರೆದ್ರೆ ಬರ್ದೇ ಇರ್ತಾರಾ?"

ಮಾತ್ರೆ, ನೀರು ತರಲು ಎದ್ದೆ.

ಆ ಸಂಜೆ ಅಪ್ಪ ಫ್ಯಾಕ್ಟರಿಯಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ ಅಜ್ಜಿ ತೀರ್ಮಾನ ಹೇಳಿದಳು. "ಕುಂದಾಪುರಕ್ಕೇ ಹೋಗೋದು. ಆ ಮನೇಗೇ. ಆ ಹೋಟ್ಲು ಹುಡುಗಂಗೆ ಹೇಳಿ ಕಳ್ಸು."

"ಅವ್ವ, ಮಲ್ಪೇಲಿ ಬೇರೆ ಕೋಣೆ ನೋಡೋಣ..."

"ಅವಳು ಉಣ್ಣೋದನ್ನ ನಾನು ಕಣ್ಣಾರೆ ನೋಡ್ಬೇಕು. ಅಲ್ಲೀಗಂಟ ನನ್ನ ಗಂಟಲಲ್ಲಿ ಇಳಿಯಲ್ಲ."

ಅಮ್ಮ ರಾಗಿಹಿಟ್ಟನ್ನು ಡಬ್ಬಕ್ಕೆ ತುಂಬಿ ಕಟ್ಟುತ್ತಾ, "ಸವತಿ ಮನೆಗೆ ಗಾಳಿ ಕುಡಿಯೋಕೆ ಹೊರಟಿದಾರೆ ಅತ್ತೆ. ಯಾರ ಹತ್ರ ಹೇಳ್ಕೊಳ್ಳೋದು ನಾವು" ಎಂದಳು. ಆದರೆ ಅಜ್ಜಿಯ ಒಳ್ಳೆಯ ಸೀರೆಯನ್ನು ಮೇಲೆಯೇ ಇಟ್ಟಳು.

ಆ ವಾರದ ಕೊನೆಗೇ, ಡಿಸೆಂಬರ್ ಶುರುವಿನಲ್ಲಿ, ಗಂಜಿ ತಿಳಿಯಷ್ಟೇ ಕುಡಿಯುತ್ತಿದ್ದ ಅಜ್ಜಿಯನ್ನು ಕರೆದುಕೊಂಡು ಅಪ್ಪ, ನಾನು ಹೊರಟೆವು. ಬಸ್ಸಿನಲ್ಲಿ ಅಜ್ಜಿ ನೀರು ಮಾತ್ರ ಕುಡಿದಳು. ಘಟ್ಟ ಇಳಿದ ಮೇಲೆ ಗಾಳಿ ಬೆಚ್ಚಗಾಯಿತು, ಸಿಳ್ಳೆ ಸಣ್ಣದಾಯಿತು. ಅದು ತೇವದ ಗಾಳಿಯ ಗುಣ, ಡಾಕ್ಟರು ಹೇಳಿದ್ದೂ ಅದನ್ನೇ.

ಕೋಡಿಯ ದಾರಿಯಲ್ಲಿ ಹಂಚಿನ ಚಿಕ್ಕ ಮನೆ. ಸಮುದ್ರ ಕಾಣದು, ಮನೆಯ ಹಿಂದೆಯೇ ಯಾರೋ ಏನನ್ನೋ ಎಳೆದಾಡುತ್ತಿರುವ ಹಾಗೆ ಸದ್ದು ಮಾತ್ರ ಕೇಳುತ್ತಿತ್ತು. ಬಾಗಿಲಲ್ಲಿ ನಿಂತಿದ್ದವಳು ತೆಳ್ಳನೆಯ, ನೆಟ್ಟನೆಯ ಹೆಂಗಸು. ಹಣೆ ಖಾಲಿ, ಕೈ ಖಾಲಿ. ಅಜ್ಜಿಯ ಹಾಗೆಯೇ.

"ಬನ್ನಿ ಅಕ್ಕ, ಒಳಗೆ ಕೂಕಣಿ" ಎಂದಳು, ಹಿಂದಿನ ವಾರವಷ್ಟೇ ಬಂದು ಹೋದವರನ್ನು ಕರೆಯುವ ಹಾಗೆ.

ಅಜ್ಜಿ ಅವಳ ಪಾದ ನೋಡಿದಳು. ಆಮೇಲೆ ಮುಖ ನೋಡಿದಳು. ಕೂತ ಮೇಲೆ ಕೇಳಿದ ಮೊದಲ ಮಾತು, "ಮೈಗೆ ಹುಷಾರಾಗಿದೀಯಾ?"

"ನಂಗೆಂತ ಆಪುದು ಅಕ್ಕ? ವರ್ಷಕ್ಕೊಂದು ಸಲ ಹೊಟ್ಟೆ ಕಟ್ಟುತ್ತ್, ಅಷ್ಟೇ. ಎರಡು ದಿನ ಹಸಿವೇ ಆತಿಲ್ಲ. ಏನೂ ತಿನ್ನದಿದ್ರೂ ಉಂಡಾಂಗೆ ಇರತ್ತ್."

ಅಜ್ಜಿಯ ಕೈ ನನ್ನ ಮೊಣಕೈಯನ್ನು ಹಿಡಿಯಿತು. ಇಂಥ ಮಾತನ್ನು ಅಲ್ಲೇ ಮುರಿಯಬೇಕೆಂದು ನನ್ನ ಅಭ್ಯಾಸ ಹೇಳಿತು. ವರ್ಷಕ್ಕೊಂದು ಸಲ ಹೊಟ್ಟೆ ಕೆಡದವರು ಯಾರಿದ್ದಾರೆ? ಮಳೆಗಾಲದಲ್ಲಿ ಅಂತ ಅವಳ ಬಾಯಲ್ಲಿ ಬಂದರೆ ಸಾಕು, ಮುಗಿಯಿತು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಎದುರಾಳಿಗೆ ಕೇಳಬಾರದು ಎಂಬುದು ಚರ್ಚೆಯ ಮೊದಲ ಪಾಠ. ಅದನ್ನು ಎಷ್ಟೋ ಜೂನಿಯರ್‌ಗಳಿಗೆ ನಾನೇ ಹೇಳಿಕೊಟ್ಟಿದ್ದೆ.

"ಯಾವ ತಿಂಗಳಲ್ಲಿ? ಮಳೆಗಾಲದಲ್ಲಾ?" ಎಂದೆ.

"ಅಲ್ಲ ಮಗಾ. ಮಳೆ ಬಿಟ್ಟ ಮೇಲೆ. ನವರಾತ್ರಿ ಹತ್ರ ಬಂತು ಅಂದ್ರೆ, ಅದರ ಹಿಂದಿನ ಅಮಾಸೆಗೆ."

ಅಪ್ಪ ಹೊರಗೆ ಹೋಗಿ ಅಂಗಳದಲ್ಲಿ ನಿಂತುಕೊಂಡ.

ಋತು ಬದಲಾವಣೆ ಎಂದುಕೊಂಡೆ. ಆ ದಿನ ತಾತ ನಮ್ಮಲ್ಲಿರುತ್ತಿದ್ದ, ಅವಳು ಒಬ್ಬಳೇ ಇರುತ್ತಿದ್ದಳು, ಕೊರಗಿಗೆ ಹಸಿವು ಸತ್ತಿರಬಹುದು, ಆಮೇಲೆ ಅದೇ ರೂಢಿಯಾಗಿರಬಹುದು ಎಂದುಕೊಂಡೆ. ಹೋಟೆಲಿನವರ ಬಾಯಿಂದ ಎಡೆಯ ಸುದ್ದಿ ಬಂದು, ನಮ್ಮನ್ನು ಕುಟುಕಲೆಂದೇ ಹೇಳಿರಬಹುದು ಎಂದೂ ಅನುಮಾನಿಸಿದೆ. ಆದರೆ ಬಾಗಿಲ ಬಳಿಯ ಎಲೆ ಯಾರದೆಂದು ಆ ಮನುಷ್ಯನಿಗೆ ಗೊತ್ತಿರಲು ಸಾಧ್ಯವಿರಲಿಲ್ಲ, ನಮಗೇ ಗೊತ್ತಿರಲಿಲ್ಲವಲ್ಲ. ಎಲ್ಲವೂ ಚೆನ್ನಾದ ವಾದಗಳು. ಒಂದನ್ನೂ ಬಾಯಿ ಬಿಟ್ಟು ಹೇಳಲಿಲ್ಲ.

ಅಜ್ಜಿ ಕ್ಷಮೆ ಕೇಳಲಿಲ್ಲ. ಎದ್ದು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, "ಅಡುಗೆಮನೆ ಎಲ್ಲಿ? ಇವತ್ತು ನಾನು ಮಾಡ್ತೀನಿ" ಎಂದಳು.

"ಬ್ಯಾಡ ಅಕ್ಕ, ಬಸ್ಸಿನಲ್ಲಿ ಬಂದು ಸುಸ್ತಾಗಿದೀರಿ..."

"ನೀನು ಸುಮ್ಕೆ ಕೂತ್ಕೋ."

ಮಧ್ಯೆ ಮಧ್ಯೆ ಉಸಿರಿಗಾಗಿ ನಿಂತು, ಗೋಡೆ ಹಿಡಿದುಕೊಂಡು, ಅನ್ನ ಮಾಡಿದಳು, ಹುರುಳಿ ಸಾರು ಮಾಡಿದಳು. ಎಲೆ ಬೇಡ ಎಂದು ತಾನೇ ಹುಡುಕಿ ಸ್ಟೀಲಿನ ತಟ್ಟೆ ತೆಗೆದಳು. ಬಡಿಸಿದ ಮೇಲೆ ಎದುರಿಗೇ ಕೂತಳು, ಕೈಗೆ ಎಟುಕುವಷ್ಟು ಹತ್ತಿರ.

"ನೀವೂ ಹಾಕ್ಕಣಿ ಅಕ್ಕ."

"ಮೊದಲು ನೀನು ಉಣ್ಣು."

ಅವಳು ಕಲಸಿದಳು, ತುತ್ತು ಎತ್ತಿದಳು. ಖಾರ ಸ್ವಲ್ಪ ಜಾಸ್ತಿ ಎಂದಳು. ಅಜ್ಜಿ ರೆಪ್ಪೆ ಅಲುಗಿಸದೆ ಅವಳ ಬಾಯನ್ನು, ಗಂಟಲನ್ನು ನೋಡುತ್ತಿದ್ದಳು. ಸಮುದ್ರದ ಸದ್ದು ಹಿತ್ತಲವರೆಗೆ ಬಂದು ಹೋಗುತ್ತಿತ್ತು. ಯಾವುದನ್ನೂ ನಂಬದ ನಾನು ಬಾಗಿಲ ಪಕ್ಕದಲ್ಲಿ ನಿಂತು, ತಟ್ಟೆಯಲ್ಲಿನ ಅನ್ನ ನಿಜವಾಗಿಯೂ ಕಡಿಮೆಯಾಗುತ್ತಿದೆಯೇ ಎಂದು ನೋಡುತ್ತಿದ್ದೆ.